1933ರಲ್ಲಿ ರೂಸ್‌ವೆಲ್ಟ್ ರೇಡಿಯೋದಲ್ಲಿ ಮಾತಾಡಿದ್ದಕ್ಕೇ ಜನ ಬ್ಯಾಂಕಿಗೆ ದುಡ್ಡು ವಾಪಸ್ ತಂದರಾ?

ಲೆಕ್ಕದ_ಮೇಷ್ಟ್ರು

ಎಲ್ಲಾದರೂ ಒಂದು ಬ್ಯಾಂಕು ಮುಗ್ಗರಿಸಿದರೆ ಸಾಕು, ಯಾರಾದರೊಬ್ಬರು ರೂಸ್‌ವೆಲ್ಟ್ ಕಥೆ ತೆಗೆಯುತ್ತಾರೆ. ಅಮೆರಿಕದಲ್ಲಿ 1933ರಲ್ಲಿ ಬ್ಯಾಂಕುಗಳೆಲ್ಲ ಮುಚ್ಚಿದ್ದವಂತೆ, ಹೊಸ ಅಧ್ಯಕ್ಷರು ರೇಡಿಯೋದಲ್ಲಿ ಬಂದು ನಾಲ್ಕು ಮಾತಾಡಿದರಂತೆ, ಮಾರನೇ ದಿನ ಜನ ಸಾಲುಗಟ್ಟಿ ದುಡ್ಡು ವಾಪಸ್ ಕಟ್ಟಿದರಂತೆ. ನಮ್ಮ ನಾಯಕರಿಗೂ ಹಾಗೆ ಮಾತಾಡೋಕೆ ಬಂದಿದ್ದರೆ ಅಂತ ಕೊನೆಗೊಂದು ನಿಟ್ಟುಸಿರು. ಕಥೆ ಸುಳ್ಳಲ್ಲ. ಆದರೆ ಅರ್ಧ ಕಥೆ. ಭಾಷಣಕ್ಕೆ ಮುಂಚಿನ ಎಂಟು ದಿನ ಬಿಟ್ಟು ಹೇಳಿದರೆ ಅದು ಪವಾಡದ ಹಾಗೆ ಕೇಳುತ್ತದೆ.

ನಡೆದದ್ದು ಇಷ್ಟು. 1933ರ ಫೆಬ್ರವರಿ 14ರಂದು ಮಿಷಿಗನ್ ರಾಜ್ಯದ ಗವರ್ನರ್ ಅಲ್ಲಿನ ಬ್ಯಾಂಕುಗಳಿಗೆಲ್ಲ ಎಂಟು ದಿನ ರಜೆ ಘೋಷಿಸಿದರು. ಡೆಟ್ರಾಯ್ಟ್‌ನ ಒಂದು ದೊಡ್ಡ ಬ್ಯಾಂಕು ಬೀಳುವ ಹಂತಕ್ಕೆ ಬಂದಿತ್ತು. ಅಲ್ಲಿ ಮುಚ್ಚಿದ್ದೇ ತಡ, ಪಕ್ಕದ ರಾಜ್ಯಗಳ ಜನ ತಮ್ಮ ತಮ್ಮ ಬ್ಯಾಂಕಿಗೆ ಓಡಿದರು. ಒಂದೊಂದೇ ರಾಜ್ಯ ಬಾಗಿಲು ಹಾಕುತ್ತಾ ಬಂತು. ಮಾರ್ಚ್ 4ರ ಬೆಳಗಿನ ಜಾವ ನ್ಯೂಯಾರ್ಕ್ ಮತ್ತು ಇಲಿನಾಯ್ ಕೂಡ ಮುಚ್ಚಿದವು. ಅದೇ ದಿನ ರೂಸ್‌ವೆಲ್ಟ್ ಪ್ರಮಾಣವಚನ. ಜೇಬಲ್ಲಿ ನೋಟಿಲ್ಲ, ಚೆಕ್ ಯಾರೂ ತೆಗೆದುಕೊಳ್ಳುವುದಿಲ್ಲ. ಎಷ್ಟೋ ಊರುಗಳಲ್ಲಿ ಅವರೇ ಚೀಟಿ ಅಚ್ಚು ಹಾಕಿಸಿ ದುಡ್ಡಿನ ಬದಲು ಓಡಿಸುತ್ತಿದ್ದರು.

ಮಾರ್ಚ್ 6, ಸೋಮವಾರ ನಸುಕಿನ ಒಂದು ಗಂಟೆಗೆ ಇಡೀ ದೇಶದ ಬ್ಯಾಂಕುಗಳಿಗೆ ರಜೆ ಅಂತ ಆದೇಶ ಹೊರಟಿತು. ಅದಕ್ಕೆ ಕಾನೂನಿನ ಆಧಾರ ಏನು ಗೊತ್ತಾ? ಮೊದಲ ಮಹಾಯುದ್ಧದ ಕಾಲದಲ್ಲಿ, 1917ರಲ್ಲಿ, ಶತ್ರು ದೇಶಗಳ ಜೊತೆ ವ್ಯಾಪಾರ ತಡೆಯಲು ಮಾಡಿದ್ದ ಕಾಯ್ದೆ! ಮಾರ್ಚ್ 9ರಂದು ಸಂಸತ್ತು ಸೇರಿತು. ಮಸೂದೆಯ ಪ್ರತಿ ಎಲ್ಲರಿಗೂ ಸಿಕ್ಕಿರಲಿಲ್ಲ. ಓದಿದ್ದನ್ನು ಕೇಳಿಸಿಕೊಂಡು, ಕೆಳಮನೆಯಲ್ಲಿ ಹೆಚ್ಚೆಂದರೆ 40 ನಿಮಿಷ ಚರ್ಚೆ ಮಾಡಿ ಪಾಸು ಮಾಡಿದರು. ಅದೇ ರಾತ್ರಿ ಸಹಿ ಬಿತ್ತು.

ಆ ಕಾಯ್ದೆಯಲ್ಲಿ ಎರಡು ಮುಖ್ಯ ವಿಷಯ ಇತ್ತು. ಒಂದು, ಪರೀಕ್ಷೆಯಲ್ಲಿ ಗಟ್ಟಿ ಅನ್ನಿಸಿದ ಬ್ಯಾಂಕಿಗೆ ಮಾತ್ರ ಬಾಗಿಲು ತೆರೆಯಲು ಲೈಸೆನ್ಸು. ಇನ್ನೊಂದು, ಬ್ಯಾಂಕಿನ ಬಳಿ ಇರುವ ಸಾಲಪತ್ರ, ಬಾಂಡುಗಳನ್ನು ಒತ್ತೆ ಇಟ್ಟುಕೊಂಡು ಫೆಡರಲ್ ರಿಸರ್ವ್ (ನಮ್ಮ ಆರ್‌ಬಿಐ ಥರದ ಅಮೆರಿಕದ ಕೇಂದ್ರೀಯ ಬ್ಯಾಂಕು) ಹೊಸ ನೋಟು ಕೊಡಬಹುದು. ಅಂದರೆ ಬಾಗಿಲು ತೆರೆದ ಬ್ಯಾಂಕಿನ ಮುಂದೆ ಎಷ್ಟೇ ಉದ್ದ ಕ್ಯೂ ನಿಂತರೂ ಕೌಂಟರಿನಲ್ಲಿ ನೋಟು ಖಾಲಿ ಆಗುವುದಿಲ್ಲ.

ಇಷ್ಟೆಲ್ಲ ಆದ ಮೇಲೆ ಮಾರ್ಚ್ 12, ಭಾನುವಾರ ರಾತ್ರಿ 10 ಗಂಟೆಗೆ ಭಾಷಣ. ಹದಿನಾಲ್ಕು ನಿಮಿಷವೂ ಇಲ್ಲ. ಕೇಳಿದವರು ಸುಮಾರು 6 ಕೋಟಿ ಅನ್ನುವ ಅಂದಾಜಿದೆ, ಆಗ ದೇಶದ ಜನಸಂಖ್ಯೆ ಹನ್ನೆರಡೂವರೆ ಕೋಟಿ. ನನಗೆ ಅದರಲ್ಲಿ ಇಷ್ಟವಾದದ್ದು ಶುರುವಾತು. ದೇಶ, ತ್ಯಾಗ, ಧೈರ್ಯ ಅಂತ ಏನೂ ಇಲ್ಲ. ನೀವು ಬ್ಯಾಂಕಿಗೆ ಹಾಕಿದ ದುಡ್ಡನ್ನು ಅವರು ತಿಜೋರಿಯಲ್ಲಿ ಇಡುವುದಿಲ್ಲ, ಸಾಲ ಕೊಡುತ್ತಾರೆ, ಬಾಂಡಿನಲ್ಲಿ ಹಾಕುತ್ತಾರೆ, ಹಾಗಾಗಿ ಎಲ್ಲರೂ ಒಂದೇ ದಿನ ಬಂದು ಕೇಳಿದರೆ ಎಂಥ ಒಳ್ಳೆ ಬ್ಯಾಂಕೂ ಕೊಡಲಾರದು. ಇಷ್ಟು ಹೇಳಿ ಸೀದಾ ವೇಳಾಪಟ್ಟಿಗೆ ಬರುತ್ತಾರೆ. ಸೋಮವಾರ ಫೆಡರಲ್ ರಿಸರ್ವ್ ಬ್ಯಾಂಕುಗಳಿರುವ 12 ಊರು. ಮಂಗಳವಾರ ಕ್ಲಿಯರಿಂಗ್ ಹೌಸ್, ಅಂದರೆ ಬ್ಯಾಂಕುಗಳು ತಮ್ಮತಮ್ಮಲ್ಲಿ ಚೆಕ್ ಚುಕ್ತಾ ಮಾಡಿಕೊಳ್ಳುವ ಜಾಗ, ಇರುವ ಸುಮಾರು 250 ಊರು. ಬುಧವಾರದಿಂದ ಉಳಿದ ಸಣ್ಣ ಊರುಗಳು. ನಿಮ್ಮ ಬ್ಯಾಂಕು ಮೊದಲ ದಿನ ತೆರೆಯಲಿಲ್ಲ ಅಂದರೆ ಅದು ಮುಳುಗಿತು ಅಂದುಕೊಳ್ಳಬೇಡಿ ಅಂತಲೂ ಹೇಳುತ್ತಾರೆ.

ಆಮೇಲೆ ಇವತ್ತಿನ ಯಾವ ಸಲಹೆಗಾರನೂ ಬರೆದುಕೊಡದ ಮಾತು. ಎಲ್ಲ ಬ್ಯಾಂಕೂ ತೆರೆಯುತ್ತದೆ, ಯಾರಿಗೂ ನಷ್ಟ ಆಗುವುದಿಲ್ಲ ಅಂತ ನಾನು ಭರವಸೆ ಕೊಡುವುದಿಲ್ಲ ಅಂತ ನೇರವಾಗಿ ಹೇಳಿಬಿಡುತ್ತಾರೆ. ಆದರೆ ತೆರೆದ ಬ್ಯಾಂಕಿನಲ್ಲಿ ದುಡ್ಡಿಡುವುದು ಹಾಸಿಗೆ ಕೆಳಗೆ ಇಡುವುದಕ್ಕಿಂತ ಭದ್ರ. ಇದು ಆ ಭಾಷಣದ ಪ್ರಸಿದ್ಧ ಸಾಲು.

ಸೋಮವಾರ ಬಾಗಿಲು ತೆರೆದಾಗ ತೆಗೆಯುವವರಿಗಿಂತ ಕಟ್ಟುವವರೇ ಜಾಸ್ತಿ. ತಿಂಗಳ ಕೊನೆಯ ಹೊತ್ತಿಗೆ ಜನ ಮನೆಯಲ್ಲಿ ಕೂಡಿಟ್ಟಿದ್ದರಲ್ಲಿ ಸುಮಾರು ಮೂರನೇ ಎರಡು ಭಾಗ ವಾಪಸ್ ಬಂತು. ಮಾರ್ಚ್ 15ರಂದು ಷೇರುಪೇಟೆ ತೆರೆದಾಗ ಡೌ ಸೂಚ್ಯಂಕ ಒಂದೇ ದಿನ ಶೇ 15.34 ಏರಿತು. ಅಷ್ಟು ದೊಡ್ಡ ಒಂದು ದಿನದ ಏರಿಕೆ ಇವತ್ತಿಗೂ ಮತ್ತೆ ಆಗಿಲ್ಲ.

ನನ್ನ ಅಭಿಪ್ರಾಯ: ಮಾತು ಕೆಲಸ ಮಾಡಿತು, ಯಾಕೆಂದರೆ ಅದು ಕೊನೆಗೆ ಬಂತು. ನೀವೇನಂತೀರಿ?

ಸುಮ್ನಿರ್ಲಾರದವ

ಮೇಷ್ಟ್ರೇ, ನೀವೇ ಉತ್ತರ ಹೇಳಿ ನೀವೇ ಪ್ರಶ್ನೆ ಕೇಳಿದ್ದೀರಿ 😄 ನೋಟು ಅಚ್ಚು ಹಾಕೋಕೆ ಒಪ್ಪಿಗೆ ಸಿಕ್ತು, ಭಯ ಹೋಯ್ತು. ರೇಡಿಯೋದಲ್ಲಿ ಯಾರು ಬಂದು ಓದಿದ್ದರೂ ನಡೀತಿತ್ತು.

ಇನ್ನೊಂದು ವಿಷಯ ಯಾರೂ ಹೇಳಲ್ಲ. ಮಾರ್ಚ್ 8ರಂದೇ ಫೆಡರಲ್ ರಿಸರ್ವ್‌ನವರು ಒಂದು ಬೆದರಿಕೆ ಹಾಕಿದ್ದರು. ಫೆಬ್ರವರಿಯಿಂದ ಈಚೆಗೆ ಚಿನ್ನ ತೆಗೆದುಕೊಂಡು ಹೋದವರು ವಾಪಸ್ ತರದಿದ್ದರೆ ಅವರ ಹೆಸರು ಪ್ರಕಟಿಸುತ್ತೇವೆ ಅಂತ. ಜನ ಚಿನ್ನದ ನಾಣ್ಯ ಚೀಲದಲ್ಲಿ ಹಾಕಿಕೊಂಡು ಬಂದು ಕ್ಯೂ ನಿಂತರು. ಭಾಷಣಕ್ಕೆ ಇನ್ನೂ ಎರಡು ಮೂರು ದಿನ ಇರುವಾಗಲೇ! ಅದು ವಿಶ್ವಾಸವೋ ಹೆದರಿಕೆಯೋ ನೀವೇ ಹೇಳಿ.

ನಿವೃತ್ತ_ಕ್ಯಾಷಿಯರ್_ಉಡುಪಿ

ಯಾರು ಓದಿದ್ದರೂ ನಡೀತಿತ್ತು ಅನ್ನುವುದು ಕೌಂಟರಿನ ಒಳಗೆ ಕೂತವನಿಗೆ ಒಪ್ಪಿಗೆ ಆಗುವುದಿಲ್ಲ ಮಾರಾಯ್ರೆ. ಒಂದು ಘಟನೆ ಹೇಳುತ್ತೇನೆ, ಬ್ಯಾಂಕಿನ ಹೆಸರು ಬೇಡ.

ನಾನು ಕೆಲಸಕ್ಕೆ ಸೇರಿ ಜಾಸ್ತಿ ಸಮಯ ಆಗಿರಲಿಲ್ಲ. ನಮ್ಮ ಬ್ರಾಂಚಿನ ಬಗ್ಗೆ ಒಂದು ಪುಕಾರು ಹಬ್ಬಿತು. ಸಂತೆ ದಿನ ಬೇರೆ. ಹತ್ತು ಗಂಟೆಗೆ ಬಾಗಿಲು ತೆಗೆಯುವಾಗಲೇ ರಸ್ತೆವರೆಗೆ ಜನ. ಎಲ್ಲರ ಕೈಯಲ್ಲೂ ಪಾಸ್‌ಬುಕ್ಕು. ಮ್ಯಾನೇಜರ್ ಹೊರಗೆ ಬಂದು "ಏನೂ ಆಗಿಲ್ಲ, ಎಲ್ಲ ಸರಿ ಉಂಟು" ಅಂತ ಹೇಳಿದರು. ಒಬ್ಬರೂ ಕದಲಲಿಲ್ಲ. ಬದಲಿಗೆ ಗಲಾಟೆ ಇನ್ನೂ ಜಾಸ್ತಿ ಆಯಿತು. ಏನೂ ಆಗದಿದ್ದರೆ ಮ್ಯಾನೇಜರ್ ಯಾಕೆ ಹೊರಗೆ ಬಂದು ಹೇಳಬೇಕು ಅಂತ!

ಮಧ್ಯಾಹ್ನ ದೊಡ್ಡ ಬ್ರಾಂಚಿನಿಂದ ಜೀಪಿನಲ್ಲಿ ಕ್ಯಾಶ್ ಬಂತು. ಮ್ಯಾನೇಜರ್ ಅದನ್ನು ಸ್ಟ್ರಾಂಗ್ ರೂಮಿಗೆ ಕಳಿಸಲಿಲ್ಲ. ನನ್ನ ಹಿಂದಿನ ಮೇಜಿನ ಮೇಲೆ, ಹೊರಗಿನವರಿಗೆ ಸರಿಯಾಗಿ ಕಾಣುವ ಹಾಗೆ, ಕಟ್ಟು ಕಟ್ಟಾಗಿ ಜೋಡಿಸಿದರು. ಆಮೇಲೆ ಎರಡನೇ ಸಲ ಹೊರಗೆ ಹೋಗಿ ಬೇರೆ ಥರ ಹೇಳಿದರು: "ಇವತ್ತು ಟೈಮ್ ಇಲ್ಲ. ಕೊನೆಯವರು ಹೋಗುವವರೆಗೆ ಕೌಂಟರ್ ತೆರೆದಿರುತ್ತದೆ. ನಾಳೆಯೂ ಹತ್ತಕ್ಕೇ ತೆಗೆಯುತ್ತೇವೆ." ಅಷ್ಟೇ. ಮೀನು ಮಾರುವ ಒಬ್ಬರು ಹೆಂಗಸು ತನ್ನ ದುಡ್ಡು ಪೂರ್ತಿ ಎಣಿಸಿಕೊಂಡು, ನನ್ನ ಹಿಂದೆ ಇದ್ದ ಕಟ್ಟುಗಳನ್ನು ಒಮ್ಮೆ ನೋಡಿ, "ಇಷ್ಟೆಲ್ಲ ಉಂಟಲ್ಲ, ಮತ್ತೆ ಇದನ್ನು ಮನೆಗೆ ಹೊತ್ತುಕೊಂಡು ಹೋಗಿ ಎಲ್ಲಿಡುವುದು ನಾನು?" ಅಂತ ಅಲ್ಲೇ ವಾಪಸ್ ಕಟ್ಟಿದರು. ಅವರನ್ನು ನೋಡಿ ಹಿಂದಿನ ಸುಮಾರು ಜನ ಮೆಲ್ಲ ಜಾಗ ಖಾಲಿ ಮಾಡಿದರು.

ಮೊದಲ ಸಲ ಮಾತಿನ ಹಿಂದೆ ಏನೂ ಕಾಣುತ್ತಿರಲಿಲ್ಲ. ಎರಡನೇ ಸಲ ಕಾಣುತ್ತಿತ್ತು. ಆದರೆ ಬರೀ ಕಟ್ಟು ಇಟ್ಟು ಮಾತಾಡದೆ ಇದ್ದಿದ್ದರೆ? ಐದು ಗಂಟೆಗೆ ಬಾಗಿಲು ಹಾಕುತ್ತಾರೆ, ಅಷ್ಟರೊಳಗೆ ನನ್ನದು ಆಗಬೇಕು ಅಂತ ನೂಕುನುಗ್ಗಲು ಇನ್ನೂ ಜೋರಾಗುತ್ತಿತ್ತು. ರೂಸ್‌ವೆಲ್ಟ್ ಅವರ ಸೋಮವಾರ, ಮಂಗಳವಾರ, ಬುಧವಾರ ಓದುವಾಗ ನನಗೆ ನಮ್ಮ ಮ್ಯಾನೇಜರೇ ನೆನಪಾದರು.

ಲೆಕ್ಕದ_ಮೇಷ್ಟ್ರು

ಕ್ಯಾಷಿಯರ್ ಸರ್, ಇದು ಸರಿಯಾದ ಹೋಲಿಕೆ. ರೂಸ್‌ವೆಲ್ಟ್ ಭಾಷಣದಲ್ಲೂ ನೋಟಿನ ಕಟ್ಟು ತೋರಿಸುವ ಜಾಗ ಒಂದಿದೆ. ಹೊಸ ನೋಟು ಅಚ್ಚಾಗುತ್ತಿದೆ, ದೇಶದ ಮೂಲೆ ಮೂಲೆಗೆ ಹೊರಟಿದೆ, ಅದರ ಹಿಂದೆ ಗಟ್ಟಿ ಆಸ್ತಿ ಇದೆ ಅಂತ ಹೇಳುತ್ತಾರೆ. ತಮಾಷೆ ಅಂದರೆ ಆ ಕಾಯ್ದೆಯಡಿ ಬಿಟ್ಟ ಹೊಸ ನೋಟು ಕೊನೆಗೆ ಅಂದುಕೊಂಡಷ್ಟು ಬೇಕಾಗಲೇ ಇಲ್ಲ. ಇದೆ ಅಂತ ಗೊತ್ತಾದ ಮೇಲೆ ಯಾರು ಕೇಳುತ್ತಾರೆ? ಸುಮ್ನಿರ್ಲಾರದವರೇ, ನಿಮ್ಮ ಚಿನ್ನದ ವಿಷಯ ಸರಿ. ಆದರೆ ಹೆಸರು ಪ್ರಕಟಿಸುತ್ತೇವೆ ಅಂದಿದ್ದು ಚಿನ್ನ ಒಯ್ದವರಿಗೆ. ಹಾಸಿಗೆ ಕೆಳಗೆ ನೋಟಿಟ್ಟುಕೊಂಡ ರೈತನಿಗೆ, ಟೀಚರಿಗೆ ಯಾವ ಬೆದರಿಕೆಯೂ ಇರಲಿಲ್ಲ. ಅವರೂ ವಾಪಸ್ ತಂದರಲ್ಲ.

ಹಳೇಪೇಪರ್

ಇಲ್ಲಿ ಹೂವರ್ ಹೆಸರೇ ಬಂದಿಲ್ಲವಲ್ಲ? ರೂಸ್‌ವೆಲ್ಟ್‌ಗಿಂತ ಒಂದು ವರ್ಷ ಮೊದಲು, 1932ರ ಮಾರ್ಚ್ 6ರಂದು, ಅಧ್ಯಕ್ಷ ಹೂವರ್ ಇದೇ ವಿಷಯದ ಮೇಲೆ ರೇಡಿಯೋದಲ್ಲಿ ಮಾತಾಡಿದ್ದರು. ಮನೆಯಲ್ಲಿ ದುಡ್ಡು ಕೂಡಿಡಬೇಡಿ, ಅದರಿಂದ ದೇಶಕ್ಕೆ ತೊಂದರೆ, ಹೊರಗೆ ತನ್ನಿ ಅಂತ. ಅದಕ್ಕೊಂದು ಆಂದೋಲನವನ್ನೇ ಶುರು ಮಾಡಿದ್ದರು. ಅದೇ ರೇಡಿಯೋ, ಅದೇ ಜನ. ಒಂದು ವರ್ಷ ಆಗುವಷ್ಟರಲ್ಲಿ ದೇಶದ ಬ್ಯಾಂಕೆಲ್ಲ ಬಂದ್!

ಹೂವರ್ ಏನೂ ಮಾಡಲಿಲ್ಲ ಅನ್ನುವುದೂ ತಪ್ಪು. ಬ್ಯಾಂಕುಗಳಿಗೆ ಸಾಲ ಕೊಡಲು ಸರ್ಕಾರದ ಒಂದು ಸಂಸ್ಥೆ 1932ರ ಶುರುವಿನಲ್ಲೇ ಬಂದಿತ್ತು. ಆದರೆ ಆಮೇಲೆ ಸಂಸತ್ತಿನ ಒತ್ತಾಯಕ್ಕೆ ಸಾಲ ಪಡೆದ ಬ್ಯಾಂಕುಗಳ ಹೆಸರು ಹೊರಬೀಳತೊಡಗಿತು. ಪಟ್ಟಿಯಲ್ಲಿ ಹೆಸರು ಬಂತು ಅಂದರೆ ಆ ಬ್ಯಾಂಕಿಗೆ ಕಷ್ಟ ಅಂತ ಜನರಿಗೆ ಗೊತ್ತಾಗಿ ಅಲ್ಲಿಗೇ ನುಗ್ಗುತ್ತಾರೆ ಅಲ್ವಾ? ಹಾಗಾಗಿ ಬ್ಯಾಂಕಿನವರು ಸಾಲ ಕೇಳಲೇ ಹಿಂಜರಿದರು.

ನನಗೆ ಕಾಣುವ ವ್ಯತ್ಯಾಸ ಇದು. ಹೂವರ್ ಮಾತಿನಲ್ಲಿ ತಪ್ಪು ಜನರದ್ದು. ನೀವು ಕೂಡಿಟ್ಟದ್ದರಿಂದ ಹೀಗಾಯಿತು ಅನ್ನುವ ಧಾಟಿ. ಹೆದರಿ ನಾಲ್ಕು ಕಾಸು ಎತ್ತಿಟ್ಟವನಿಗೆ ದೇಶಪ್ರೇಮದ ಪಾಠ ಯಾಕೆ ಬೇಕು? ರೂಸ್‌ವೆಲ್ಟ್ ಆ ಬೈಗುಳ ಬಿಟ್ಟರು. ಕೆಲವು ಬ್ಯಾಂಕಿನವರು ಜನರ ದುಡ್ಡಿನಲ್ಲಿ ಸಟ್ಟಾ ಆಡಿದರು, ಕೆಟ್ಟ ಸಾಲ ಕೊಟ್ಟರು ಅಂತ ಒಪ್ಪಿಕೊಂಡರು. ದುಡ್ಡು ಕೂಡಿಡುವ ಫ್ಯಾಷನ್ ಈ ವಾರ ಹಳೆಯದಾಯಿತು ಅಂತ ಒಂದು ಸಣ್ಣ ಚಟಾಕಿ ಹಾರಿಸಿ ಮುಂದೆ ಹೋದರು. ಅಷ್ಟು ಸಾಕು.

ಇನ್ನೊಂದು ಮಜಾ. ರೂಸ್‌ವೆಲ್ಟ್ ಅವರ ತುರ್ತು ಕಾಯ್ದೆ ರೂಪಿಸಲು ರಾತ್ರಿ ಹಗಲು ಕೂತವರಲ್ಲಿ ಹೂವರ್ ಕಾಲದ ಹಣಕಾಸು ಇಲಾಖೆಯವರೇ ಮುಖ್ಯ: ಆಗ್ಡನ್ ಮಿಲ್ಸ್, ಆರ್ಥರ್ ಬ್ಯಾಲಂಟೈನ್. ಭಾಷಣದ ಕರಡಿನಲ್ಲೂ ಬ್ಯಾಲಂಟೈನ್ ಕೈ ಇತ್ತು. ಸೋತ ಪಕ್ಷದವರು ಗೆದ್ದವರ ಆಫೀಸಿನಲ್ಲಿ ಕೂತು ಕೆಲಸ ಮುಗಿಸಿಕೊಟ್ಟು ಹೋದರು. ನಮ್ಮಲ್ಲಿ ಊಹಿಸಿಕೊಳ್ಳಿ ನೋಡೋಣ.

ಸುಮ್ನಿರ್ಲಾರದವ

ಹೂವರ್ ವಿಷಯ ಚೆನ್ನಾಗಿದೆ, ಆದರೆ ಅದು ನನ್ನ ಕಡೆಯ ಸಾಕ್ಷಿ. ಹಿಂದೆ ನೋಟಿಲ್ಲದ ಭಾಷಣ ಸೋತಿತು. ನೋಟಿದ್ದ ಭಾಷಣ ಗೆದ್ದಿತು. ಧ್ವನಿಯಿಂದ ಏನಾಯ್ತು?

ಇಂಗ್ಲೆಂಡಿನ ನಾರ್ದರ್ನ್ ರಾಕ್ ತೆಗೆದುಕೊಳ್ಳಿ. 2007ರ ಸೆಪ್ಟೆಂಬರ್ 14, ಶುಕ್ರವಾರ. ಬ್ಯಾಂಕು ಗಟ್ಟಿ ಇದೆ ಅಂತ ಎಲ್ಲರೂ ಹೇಳಿದರು. ಕ್ಯೂ ಶನಿವಾರವೂ ಇತ್ತು, ಸೋಮವಾರವೂ ಇತ್ತು. ಸೋಮವಾರ ಸಂಜೆ ಹಣಕಾಸು ಮಂತ್ರಿ ಡಾರ್ಲಿಂಗ್ ಬಂದು ಠೇವಣಿಗೆಲ್ಲ ಸರ್ಕಾರದ ಗ್ಯಾರಂಟಿ ಅಂದಮೇಲೆ ಕ್ಯೂ ಕರಗಿತು. ಅದೇ ಮನುಷ್ಯ, ಅದೇ ಧ್ವನಿ.

ಕಟ್ಟೆಪುರಾಣ

ಹಾಗಾದರೆ ಜರ್ಮನಿಯ ಆಗಿನ ಚಾನ್ಸೆಲರ್ ಮರ್ಕೆಲ್? 2008ರ ಅಕ್ಟೋಬರ್ 5, ಅದೂ ಭಾನುವಾರ. ಹಣಕಾಸು ಮಂತ್ರಿ ಸ್ಟೈನ್‌ಬ್ರೂಕ್ ಜೊತೆ ಟಿವಿ ಕ್ಯಾಮೆರಾ ಮುಂದೆ ನಿಂತು ನಿಮ್ಮ ಉಳಿತಾಯ ಭದ್ರ ಅಂದರು. ಎಲ್ಲ ಠೇವಣಿಗೂ ಗ್ಯಾರಂಟಿ ಅಂತ ಆಗ ಯಾವ ಕಾನೂನೂ ಇರಲಿಲ್ಲ, ಆಮೇಲೂ ಮಾಡಲಿಲ್ಲ. ಬರೀ ಬಾಯಿಮಾತು. ಜರ್ಮನಿಯಲ್ಲಿ ಕ್ಯೂ ಬೀಳಲಿಲ್ಲ ಗುರು. ಇದಕ್ಕೇನು ಹೇಳ್ತೀಯಾ?

ಸುಮ್ನಿರ್ಲಾರದವ

ಜರ್ಮನ್ ಸರ್ಕಾರ ಅಂದಮೇಲೆ ಅದರ ಬಾಯಿಮಾತೇ ಚೆಕ್ಕು. ಐಸ್‌ಲ್ಯಾಂಡ್ ಸರ್ಕಾರದ ಬಾಯಿಮಾತಿಗೆ ಅಷ್ಟು ಬೆಲೆ ಎಲ್ಲಿಂದ ಬರಬೇಕು? ಅವರ ಬ್ಯಾಂಕುಗಳು ದೇಶಕ್ಕಿಂತ ದೊಡ್ಡದಾಗಿ ಬೆಳೆದಿದ್ದವು. ಮಾತಾಡುವವರ ಹಿಂದೆ ಎಷ್ಟು ದುಡ್ಡಿದೆ ಅಂತ ಜನ ನೋಡೇ ನೋಡ್ತಾರೆ.

ಬೇಏರಿಯಾ_ಕನ್ನಡತಿ

ಈ ದಿನಾಂಕ ಗಮನಿಸಿದಿರಾ? ಸಿಲಿಕಾನ್ ವ್ಯಾಲಿ ಬ್ಯಾಂಕ್ ಬಿದ್ದಾಗ ಸರ್ಕಾರದ ಹೇಳಿಕೆ ಬಂದದ್ದು 2023ರ ಮಾರ್ಚ್ 12, ಭಾನುವಾರ. ರೂಸ್‌ವೆಲ್ಟ್ ಭಾಷಣಕ್ಕೆ ಸರಿಯಾಗಿ 90 ವರ್ಷ. ಅದೂ ಭಾನುವಾರವೇ.

ಆದರೆ ಅನುಭವ ಪೂರ್ತಿ ಬೇರೆ. ಮಾರ್ಚ್ 9ರಂದು ಒಂದೇ ದಿನ 4,200 ಕೋಟಿ ಡಾಲರ್ ತೆಗೆಯಲು ಜನ ಮುಂದಾದರು. ರಸ್ತೆಯಲ್ಲಿ ಕ್ಯೂ ಇಲ್ಲ, ಎಲ್ಲ ಫೋನು, ಲ್ಯಾಪ್‌ಟಾಪು. ಬ್ಯಾಂಕು ಮುಳುಗಿದರೂ ಠೇವಣಿದಾರರಿಗೆ ಸಿಗುವ ಠೇವಣಿ ವಿಮೆಯ ಮಿತಿ ಎರಡೂವರೆ ಲಕ್ಷ ಡಾಲರ್, ಆ ಬ್ಯಾಂಕಿನ ಠೇವಣಿಯಲ್ಲಿ ಶೇ 90ಕ್ಕಿಂತ ಜಾಸ್ತಿ ಅದರ ಆಚೆಗಿತ್ತು. ಶುಕ್ರವಾರ ಬ್ಯಾಂಕಿಗೆ ಬೀಗ. ನಮ್ಮ ಕಡೆಯ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಶನಿವಾರ ಪೂರ್ತಿ ಒಂದೇ ಮಾತು: ಹದಿನೈದನೇ ತಾರೀಖು ಸಂಬಳ ಬರುತ್ತಾ? ಸ್ಟಾರ್ಟಪ್‌ನಲ್ಲಿ ಇರುವವರಿಗೆ ನಿದ್ದೆ ಇಲ್ಲ. ಎಚ್-1ಬಿ ವೀಸಾದಲ್ಲಿ ಇರುವವರ ಆತಂಕ ಕೇಳಲೇಬೇಡಿ, ಕೆಲಸ ಹೋದರೆ ಬೇರೆ ದಾರಿ ನೋಡಿಕೊಳ್ಳಲು 60 ದಿನ ಅಷ್ಟೇ, ಇಲ್ಲದಿದ್ದರೆ ದೇಶ ಬಿಡಬೇಕು. ಭಾನುವಾರ ಸಂಜೆ ಖಜಾನೆ, ಫೆಡರಲ್ ರಿಸರ್ವ್, ಠೇವಣಿ ವಿಮೆ ನಿಗಮ ಮೂವರೂ ಸೇರಿ ಒಂದು ಪುಟದ ಹೇಳಿಕೆ ಬಿಟ್ಟರು: ಎಲ್ಲ ಠೇವಣಿದಾರರಿಗೂ ಸೋಮವಾರ ಪೂರ್ತಿ ದುಡ್ಡು ಸಿಗುತ್ತದೆ. ಗುಂಪಿನಲ್ಲಿ ಆ ಪುಟದ ಫೋಟೋ ಓಡಾಡಿದ್ದೇ ಓಡಾಡಿದ್ದು. ಸೋಮವಾರ ಬೆಳಿಗ್ಗೆ ಆಗಿನ ಅಧ್ಯಕ್ಷ ಬೈಡನ್ ಟಿವಿಯಲ್ಲಿ ಬಂದು ಮಾತಾಡಿದರು. ನಮ್ಮಲ್ಲಿ ಎಷ್ಟು ಜನ ನೋಡಿದರೋ ಗೊತ್ತಿಲ್ಲ, ನಾನಂತೂ ನೋಡಲಿಲ್ಲ. ಸೋಮವಾರ ಅನ್ನುವ ಒಂದು ಪದಕ್ಕೆ ಕಾಯುತ್ತಿದ್ದೆವು. ಅದು ಭಾನುವಾರವೇ ಸಿಕ್ಕಿತ್ತು.

ಜಯನಗರ_ಫೋರ್ತ್‌ಬ್ಲಾಕ್

ಮೇಡಂ, ನಮಗೆ ಸಿಗದೇ ಇದ್ದದ್ದು ಅದೇ ದಿನಾಂಕ.

ನಮ್ಮ ಏರಿಯಾದ ಒಂದು ಸಹಕಾರಿ ಬ್ಯಾಂಕಿನಲ್ಲಿ ಅಮ್ಮನ ಎಫ್‌ಡಿ ಇತ್ತು, ಹೆಸರು ಬೇಡ. ಒಂದು ದಿನ ಆರ್‌ಬಿಐ ನಿರ್ಬಂಧ ಬಂತು, ಇಷ್ಟಕ್ಕಿಂತ ಜಾಸ್ತಿ ತೆಗೆಯುವಂತಿಲ್ಲ ಅಂತ. ಠೇವಣಿದಾರರ ಸಭೆ ಕರೆದರು. ಸಭಾಂಗಣ ತುಂಬಿ ಹೊರಗೂ ಜನ, ಅರ್ಧಕ್ಕರ್ಧ ಅರವತ್ತು ದಾಟಿದವರು. ಪ್ಲಾಸ್ಟಿಕ್ ಕವರಿನಲ್ಲಿ ಎಫ್‌ಡಿ ಬಾಂಡು ಇಟ್ಟುಕೊಂಡು ಬಂದಿದ್ದರು. ವೇದಿಕೆ ಮೇಲೆ ಒಬ್ಬರಾದ ಮೇಲೆ ಒಬ್ಬರು ಮೈಕ್ ಹಿಡಿದು "ನಿಮ್ಮ ಒಂದು ರೂಪಾಯಿಯೂ ಎಲ್ಲಿಗೂ ಹೋಗಲ್ಲ, ನಾವಿದ್ದೇವೆ" ಅಂದರು. ಹಿಂದಿನ ಸಾಲಿನಿಂದ ಒಬ್ಬರು ಎದ್ದು ಕೇಳಿದರು: "ಸ್ವಾಮಿ, ಯಾವ ತಿಂಗಳು?" ಅದಕ್ಕೆ ಮತ್ತೆ ಭಾಷಣ. ಇನ್ನೊಬ್ಬರು ಕೇಳಿದರು, ಸಾಲ ಎಷ್ಟು ವಾಪಸ್ ಬಂದಿಲ್ಲ? ಅದಕ್ಕೂ ಭಾಷಣ.

ಮೇಷ್ಟ್ರು ಬರೆದ "ಎಲ್ಲ ಬ್ಯಾಂಕೂ ತೆರೆಯುತ್ತದೆ ಅಂತ ಭರವಸೆ ಕೊಡಲ್ಲ" ಅನ್ನುವ ಮಾತು ಓದಿದಾಗ ಹೊಟ್ಟೆ ಉರಿಯಿತು. ಅಷ್ಟು ಹೇಳಿದ್ದರೆ ನಾವು ಅಮ್ಮನ ಆಸ್ಪತ್ರೆ ಖರ್ಚಿಗೆ ಬೇರೆ ದಾರಿ ನೋಡಿಕೊಳ್ಳುತ್ತಿದ್ದೆವು. ಎಲ್ಲ ಸಿಗುತ್ತೆ, ಎಲ್ಲ ಸಿಗುತ್ತೆ ಅಂತ ಕಾಯಿಸಿ ಕಾಯಿಸಿ ಕೂರಿಸಿದರು.

ಲೆಕ್ಕದ_ಮೇಷ್ಟ್ರು

ನಿಮ್ಮ ಸಭೆಯಲ್ಲಿ ಕೇಳಿದ ಪ್ರಶ್ನೆಗಳೇ ಸರಿಯಾದ ಪ್ರಶ್ನೆಗಳು ಸರ್. ಯಾವಾಗ, ಎಷ್ಟು, ಯಾರಿಗೆ ಇಲ್ಲ. ಇದಕ್ಕೆ ಉತ್ತರ ಇಲ್ಲದವರು ಮೈಕ್ ಮುಟ್ಟಬಾರದು.

ಬೇರೆಯವರಿಗೆ ಉಪಯೋಗ ಆಗಲಿ ಅಂತ ಒಂದು ವಿಷಯ. ನಮ್ಮಲ್ಲಿ ಠೇವಣಿ ವಿಮೆ 1962ರಿಂದ ಇದೆ. 1960ರಲ್ಲಿ ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕ್ ಬಿದ್ದ ಮೇಲೆ ಬಂದದ್ದು, ಊರು ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಮೊದಲ ಮಿತಿ 1,500 ರೂಪಾಯಿ. 1993ರಿಂದ 1 ಲಕ್ಷ ಇದ್ದದ್ದು, ಮುಂಬೈನ ಪಿಎಂಸಿ ಸಹಕಾರಿ ಬ್ಯಾಂಕಿನ ಗಲಾಟೆ ಆದ ಮೇಲೆ, 2020ರ ಫೆಬ್ರವರಿಯಲ್ಲಿ 5 ಲಕ್ಷ ಆಯಿತು. 2021ರ ತಿದ್ದುಪಡಿ ಪ್ರಕಾರ ನಿರ್ಬಂಧ ಹಾಕಿದ 90 ದಿನದೊಳಗೆ ಆ ವಿಮೆ ದುಡ್ಡು ಕೈಗೆ ಬರಬೇಕು. ನೋಡಿ, ಈ 90 ದಿನ ಅನ್ನುವುದು ಯಾವ ಭಾಷಣಕ್ಕಿಂತ ಮೇಲು.

ಅಂದಹಾಗೆ ರೂಸ್‌ವೆಲ್ಟ್‌ಗೆ ಠೇವಣಿ ವಿಮೆಯೇ ಇಷ್ಟ ಇರಲಿಲ್ಲ. ಕೆಟ್ಟ ಬ್ಯಾಂಕುಗಳ ಭಾರವನ್ನು ಒಳ್ಳೆ ಬ್ಯಾಂಕುಗಳು ಹೊರಬೇಕಾಗುತ್ತೆ ಅನ್ನುವುದು ಅವರ ತಕರಾರು. ಸಂಸತ್ತು ಬಿಡಲಿಲ್ಲ. 1933ರ ಜೂನ್‌ನಲ್ಲಿ ಕಾಯ್ದೆ ಆಯಿತು, 1934ರ ಜನವರಿ 1ರಿಂದ 2,500 ಡಾಲರ್‌ವರೆಗೆ ವಿಮೆ. ಮಾತಿನಿಂದ ಕ್ಯೂ ಕರಗಿಸಿದ ಮನುಷ್ಯನ ದೇಶವೇ ಮುಂದಿನ ಸಲಕ್ಕೆ ಮಾತಿನ ಮೇಲೆ ಭಾರ ಹಾಕಲಿಲ್ಲ.

ಕಟ್ಟೆಪುರಾಣ

ನಮ್ಮ 2016ರ ನವೆಂಬರ್ 8ರ ರಾತ್ರಿ ಎಂಟು ಗಂಟೆ ಭಾಷಣ ಯಾರೂ ಎತ್ತಲಿಲ್ಲವಲ್ಲ 🙂

ಲೆಕ್ಕದ_ಮೇಷ್ಟ್ರು

ಅದು ನೋಟಿನ ವಿಷಯ, ಬ್ಯಾಂಕಿನ ಮೇಲಿನ ಅಪನಂಬಿಕೆ ಅಲ್ಲ. ಅಲ್ಲಿ ಭಾಷಣ ಮೊದಲು, ಕ್ಯೂ ಆಮೇಲೆ. ಬೇರೆ ಚರ್ಚೆ ಶುರು ಮಾಡಿ, ಇಲ್ಲಿ ಪಕ್ಷದ ಜಗಳ ಬೇಡ.

ಹಳೇಪೇಪರ್

ಧ್ವನಿ ಬೇಕಾಗಿರಲಿಲ್ಲ ಅನ್ನುವವರಿಗೆ ಒಂದು ಮಾತು. ಆರ್ಥಿಕ ಇತಿಹಾಸ ಬರೆಯುವ ವಿಲಿಯಂ ಸಿಲ್ಬರ್ ಕೂಡ ಆ ಕಾಯ್ದೆಯಿಂದ ಹೆಚ್ಚುಕಡಿಮೆ ನೂರಕ್ಕೆ ನೂರು ಠೇವಣಿ ಗ್ಯಾರಂಟಿ ಬಂದ ಹಾಗಾಯಿತು ಅನ್ನುತ್ತಾರೆ. ಸರಿ. ಆದರೆ ಗುರುವಾರ ರಾತ್ರಿ ಪಾಸಾದ ಕಾಯ್ದೆ ಭಾನುವಾರದೊಳಗೆ ಕಾನ್ಸಾಸ್‌ನ ಹಳ್ಳಿಯವನಿಗೆ ಹೇಗೆ ಅರ್ಥ ಆಗಬೇಕು? ಸಂಸತ್ತಿನವರೇ ಪೂರ್ತಿ ಓದಿರಲಿಲ್ಲ! ಹಾಸ್ಯಗಾರ ವಿಲ್ ರೋಜರ್ಸ್ ಆಗ ಹೇಳಿದ್ದರಂತೆ, ಅಧ್ಯಕ್ಷರು ಎಲ್ಲರಿಗೂ ತಿಳಿಯುವ ಹಾಗೆ ಹೇಳಿದರು, ಬ್ಯಾಂಕಿನವರಿಗೂ ಸಹ ಅಂತ.

ನಿವೃತ್ತ_ಕ್ಯಾಷಿಯರ್_ಉಡುಪಿ

ವಿಲ್ ರೋಜರ್ಸ್ ಮಾತು ನಮಗೂ ಸೇರಿಸಿಯೇ ಹೇಳಿದ್ದು, ಒಪ್ಪಿದೆ 😀 ನಮ್ಮ ಕರಾವಳಿಯಲ್ಲಿ 1928ರಲ್ಲೇ ಪಿಗ್ಮಿ ಶುರುವಾಗಿತ್ತು. ಏಜೆಂಟ್ ದಿನಾ ಮನೆ ಬಾಗಿಲಿಗೆ ಬಂದು ಚಿಲ್ಲರೆ ಕಾಸು ಪಡೆದು ಹೋಗುವುದು. ಜನ ನಂಬಿದ್ದು ಆ ಏಜೆಂಟನ ಮುಖವನ್ನು. ರೇಡಿಯೋ ಅಷ್ಟು ಹತ್ತಿರ ಹೋಗಿತ್ತು ಅಂತ ನನ್ನ ಲೆಕ್ಕ. ಮನೆಯೊಳಗೇ ಬಂದು ಮಾತಾಡಿದ ಹಾಗೆ.

ಸುಮ್ನಿರ್ಲಾರದವ

ಏಜೆಂಟ್ ಮುಖ ನೋಡಿ ಮೋಸ ಹೋದವರೂ ಇದ್ದಾರೆ ಸರ್. ಇರಲಿ. ಒಂದು ಪ್ರಶ್ನೆ ಬಾಕಿ ಇದೆ. 1933ರಲ್ಲಿ ಸುಮಾರು ನಾಲ್ಕು ಸಾವಿರ ಬ್ಯಾಂಕು ಶಾಶ್ವತವಾಗಿ ಮುಚ್ಚಿದವು. ಅಲ್ಲಿ ದುಡ್ಡಿಟ್ಟವರೂ ಆ ಭಾಷಣ ಕೇಳಿದ್ದರು. ಯಾವುದು ಗಟ್ಟಿ, ಯಾವುದು ಟೊಳ್ಳು ಅಂತ ಒಂದೇ ವಾರದಲ್ಲಿ ಪರೀಕ್ಷೆ ಮಾಡಿದ್ದು ಹೇಗೆ? ಅಷ್ಟು ಬ್ಯಾಂಕಿನ ಲೆಕ್ಕಪುಸ್ತಕ ಯಾರು ನೋಡಿದರು? ತೆರೆದವೆಲ್ಲ ನಿಜವಾಗಿ ಗಟ್ಟಿ ಇದ್ದವು ಅಂತ ನಂಬಬೇಕಾ?

ಲೆಕ್ಕದ_ಮೇಷ್ಟ್ರು

ನಂಬಬೇಡಿ. ಬ್ಯಾಂಕ್ ಆಫ್ ಅಮೆರಿಕ ತೆರೆಯಬೇಕೋ ಬೇಡವೋ ಅಂತಲೇ ಸ್ಯಾನ್‌ಫ್ರಾನ್ಸಿಸ್ಕೋದ ಫೆಡರಲ್ ರಿಸರ್ವ್ ಮುಖ್ಯಸ್ಥರು ಹಿಂದೆ ಮುಂದೆ ನೋಡಿದ್ದರು. ಕೊನೆಗೆ ಖಜಾನೆ ಕಾರ್ಯದರ್ಶಿ ವುಡಿನ್ ಪಟ್ಟು ಹಿಡಿದು ತೆರೆಸಿದರು. ಕ್ಯಾಲಿಫೋರ್ನಿಯಾದ ಅಷ್ಟು ದೊಡ್ಡ ಬ್ಯಾಂಕನ್ನು ಮುಚ್ಚಿದರೆ ಉಳಿದವರು ನಂಬುತ್ತಾರಾ ಅನ್ನುವ ಲೆಕ್ಕಾಚಾರವೂ ಅದರಲ್ಲಿ ಇದ್ದೇ ಇತ್ತು. ಪರೀಕ್ಷೆ ಪಕ್ಕಾ ಇರಲಿಲ್ಲ. ಮುಚ್ಚಿದ ಬ್ಯಾಂಕುಗಳ ಆಸ್ತಿ ಮಾರಿ ಠೇವಣಿದಾರರಿಗೆ ಒಂದಷ್ಟು ಪಾಲು ಕೊಟ್ಟರು, ಅದಕ್ಕೆ ವರ್ಷಗಳೇ ಹಿಡಿದವು. ಎಲ್ಲರಿಗೂ ಪೂರ್ತಿ ಸಿಗಲಿಲ್ಲ.

ಭಾಷಣದ ಧ್ವನಿಮುದ್ರಣ ನೆಟ್‌ನಲ್ಲಿ ಸಿಗುತ್ತದೆ. ಕೇಳುವವರು ಒಂದು ಗಮನಿಸಿ. ಅವರು ಎಲ್ಲೂ ಅವಸರ ಮಾಡುವುದಿಲ್ಲ, ಆ ವೇಳಾಪಟ್ಟಿ ಬರುವ ಜಾಗದಲ್ಲಂತೂ ಬರೆದುಕೊಳ್ಳುವವರಿಗೆ ಸಮಯ ಕೊಟ್ಟ ಹಾಗೆ ಓದುತ್ತಾರೆ. ಸುಮ್ನಿರ್ಲಾರದವರೇ, ಕೇಳಿ ಬಂದು ಜಗಳ ಮುಂದುವರಿಸಿ.

ಸುಮ್ನಿರ್ಲಾರದವ

ಕೇಳಿದೆ. ಓದೋದು ಚೆನ್ನಾಗಿದೆ. ನೋಟು ಅಚ್ಚು ಹಾಕದೆ ಇದ್ದಿದ್ದರೆ ಅಷ್ಟು ನಿಧಾನವಾಗಿ ಓದೋಕೆ ಆಗ್ತಾ ಇರಲಿಲ್ಲ.